ಗಿರಣಿ ಜೋಗುಳ

ನನ್ನ ಅತ್ತೆ ಕಾಶವ್ವ ನನ್ನೊಡನೆ ನೇರವಾಗಿ ಮಾತಾಡಿದವರೇ ಅಲ್ಲ. ಇಂಡಿ ಕಡೆಯ ಹಳೆಯ ಮನೆತನ. ಅಳಿಯನ ಎದುರು ತಲೆ ಮೇಲೆ ಸೆರಗು, ಮಾತಿದ್ದರೆ ಮಗಳ ಮೂಲಕ. ನಾನು ಅಲ್ಲೇ ಕೂತಿದ್ದರೂ, “ಅವ್ರಿಗೆ ಚಾ ಬೇಕೇನ ಕೇಳ ನೀತಾ” ಎನ್ನುತ್ತಿದ್ದರು. ನಾನೂ, “ಬೇಕಂತ ಹೇಳ” ಎನ್ನುತ್ತಿದ್ದೆ. ನನ್ನ ಹೆಂಡತಿ ನಮ್ಮಿಬ್ಬರ ನಡುವಿನ ಟೆಲಿಫೋನ್ ಎಕ್ಸ್‌ಚೇಂಜ್.

ಪದ್ಧತಿಯಂತೆ ಬಾಣಂತನ ತವರಿನಲ್ಲೇ ಆಗಬೇಕಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ 2005ರ ಬೇಸಿಗೆಯಲ್ಲಿ ಅತ್ತೆಯೇ ಪುಣೆಗೆ, ಶಿವಾಜಿನಗರದ ಸಾಲುಮನೆಗಳ ಚಾಳಿನ ನಮ್ಮ ಎರಡು ಕೋಣೆಗೆ ಬಂದರು. ಅಳಿಯನ ಮನೆಯಲ್ಲಿ ಉಣ್ಣುವುದೇ ಅವರಿಗೆ ಮುಜುಗರ. ಆದರೂ ಮೊಮ್ಮಗಳನ್ನು ತಮ್ಮ ಜೋಗುಳದಲ್ಲಿ ಮಲಗಿಸುವ ಆಸೆ ಅವರನ್ನು ಹಿಡಿದಿಟ್ಟಿತ್ತು. ನೀತಾ, ಅವಳ ತಮ್ಮಂದಿರು, ಓಣಿಯ ಅರ್ಧ ಕೂಸುಗಳು ಅದೇ ಜೋಗುಳಕ್ಕೆ ಮಲಗಿದ್ದವಂತೆ.

ನಮ್ಮ ಕೂಸು ಮಲಗಲಿಲ್ಲ. ಅಜ್ಜಿ ಹಾಡಿದಷ್ಟೂ ಕಿರುಚಿತು. ಮಧ್ಯಾಹ್ನವೆಲ್ಲ ಚಾಳಿಗೆ ಚಾಳೇ ಕಿವಿ ಮುಚ್ಚಿಕೊಂಡಿತು.

ಒಂದು ಭಾನುವಾರ ತಲೆ ಕೆಟ್ಟು, ಕಾಲೇಜಿನ ದಿನಗಳಲ್ಲಿ ಫರ್ಗ್ಯೂಸನ್ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಥ್ರ್ಯಾಶ್ ಮೆಟಲ್ ಕ್ಯಾಸೆಟ್ ಹಾಕಿದೆ. ನನ್ನ ಸಿಟ್ಟಿಗೆಲ್ಲ ಅದೇ ಮದ್ದು. ಮೊದಲು ಒಂದೇ ಗಿಟಾರು, ಮೆಲ್ಲಗೆ, ಯಾರೋ ಅಂಗಳದಲ್ಲಿ ಒಬ್ಬರೇ ಕೂತು ಮೀಟುತ್ತಿರುವಂತೆ. ನಂಬಿ ಕೂತಿರೋ, ಡ್ರಮ್ಮಿನವನು ಎರಡೂ ಕಾಲಲ್ಲಿ ಒದೆಯತೊಡಗುತ್ತಾನೆ, ಗಿಟಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ, ಅದರ ಮೇಲೊಬ್ಬ ಗಂಟಲು ಹರಿದುಕೊಂಡು ಕೂಗುತ್ತಾನೆ. ಜನ ಅದನ್ನು ಗದ್ದಲ ಎನ್ನುತ್ತಾರೆ. ಒಂದು ಏಟೂ ತಾಳ ತಪ್ಪದ ಗದ್ದಲ ಎಲ್ಲಿದೆ ಹೇಳಿ? ಅದರೊಳಗೆ ಕೂತರೆ ಎದೆಯ ಕಳವಳಕ್ಕೆ ಜಾಗವೇ ಉಳಿಯುವುದಿಲ್ಲ.

ಕೂಸು ತಟ್ಟನೆ ಸುಮ್ಮನಾಯಿತು. ಕ್ಯಾಸೆಟ್ಟಿನ ಮೊದಲ ಬದಿ ಮುಗಿಯುವ ಮುಂಚೆಯೇ ನಿದ್ದೆ. ನೀತಾ ನಕ್ಕಳು: “ಹೊಟ್ಟ್ಯಾಗಿದ್ದಾಗ ದಿನಾ ಕೇಳ್ಯಾಳಲ್ಲ. ಆಕಿಗೆ ಇದ ತವರಮನಿ.”

ಅತ್ತೆ ನಗಲಿಲ್ಲ. “ಕೂಸು ಮಲಗಿತಲ್ಲ, ಆ ಗಿರಣಿ ಬಂದ್ ಮಾಡಂತ ಹೇಳ ಅವ್ರಿಗೆ” ಎಂದು ಒಳಗೆ ಹೋದರು. ಅಂದಿನಿಂದ ಅವರು ಹಾಡಲಿಲ್ಲ. ನಾನು ದಿನವೂ ಕ್ಯಾಸೆಟ್ ಹಾಕುವೆ. ಅವರು ಅಡುಗೆಮನೆಯ ಪರದೆಯ ಹಿಂದೆ ಕೂತು ಬೆಳ್ಳುಳ್ಳಿ ಸುಲಿಯುವರು. ಕೋಣನ ಮುಂದೆ ಕಿನ್ನರಿ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಕೆಲವು ದಿನ ಕಳೆದು ನೀತಾ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: “ಅವ್ವ ಊರಿಗೆ ಹೊಂಟಾಳ. ಕೂಸಿಗೆ ನನ್ನ ದನೀನ ಬ್ಯಾಡಾಗ್ಯಾದ, ಇದ್ದೇನ ಮಾಡ್ಲಿ ಅಂತಾಳ.”

ತಡೆಯೋಣವೆಂದರೆ ಯಾವ ಬಾಯಿಂದ? ನಮ್ಮಿಬ್ಬರ ನಡುವೆ ಮಾತೇ ಇಲ್ಲವಲ್ಲ.

ಹೊರಡುವ ದಿನ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಆಫೀಸಿಗೆ ರಜೆ ಹಾಕಿದ್ದೆ. ಅತ್ತೆ ನೀತಾಳಿಗೆ ಎಣ್ಣೆ ತಿಕ್ಕಿ, ಚಾಳಿನ ತುದಿಯ ಬಚ್ಚಲಿಗೆ ಕಳಿಸಿ, ಒಳಗೆ ಗಂಟು ಕಟ್ಟುತ್ತಿದ್ದರು. ಕೂಸು ಎದ್ದು ಅಳತೊಡಗಿತು. ಟೇಪಿನ ಗುಂಡಿ ಒತ್ತಿದೆ. ಕರೆಂಟಿಲ್ಲ; ಲೋಡ್ ಶೆಡ್ಡಿಂಗ್.

ಎತ್ತಿ ಆಡಿಸಿದೆ. ಬಿಕ್ಕಿ ಬಿಕ್ಕಿ ಅದರ ಮುಖ ಕೆಂಪಾಯಿತು. ಗತಿಯಿಲ್ಲದೆ ತೊಟ್ಟಿಲಲ್ಲಿ ಮಲಗಿಸಿ, ಜೋಳದ ಹಿಟ್ಟಿನ ಖಾಲಿ ಡಬ್ಬಿ ಬೋರಲು ಹಾಕಿಕೊಂಡು ಬಡಿಯತೊಡಗಿದೆ. ಕೂಸು ಇನ್ನೂ ಜೋರಾಗಿ ಕಿರುಚಿತು.

“ಹಂಗಲ್ರೀ!”

ಅತ್ತೆ ಪರದೆ ಸರಿಸಿ ನಿಂತಿದ್ದರು. ನಾನು ಹಿಂದೆ ತಿರುಗಿ ನೋಡಿದೆ. ನೀತಾ ಇರಲಿಲ್ಲ. ಮಾತು ನನಗೇ.

“ಮೊದಲ ಸಣ್ಣಗ ಶುರು ಆಗ್ತದ, ಅಲ್ಲಿ ಬಡೀಬ್ಯಾಡ್ರಿ. ಆಮ್ಯಾಲೆ ಒಮ್ಮಿಗೇ ಬೀಳ್ತದ. ನಡುವ ಒಂದ್ ಕಡೆ ಎಲ್ಲಾ ನಿಂತು, ಉಸುರು ಬಿಟ್ಟು, ಮತ್ತ ಬೀಳ್ತದ. ಇಷ್ಟ ವರ್ಷ ಕೇಳೀರಿ, ಗೊತ್ತಿಲ್ಲೇನ್ರೀ ನಿಮಗ?”

ಕೋಣ ಯಾರೆಂದು ನನಗೆ ತಿಳಿಯಿತು.

ಅವರು ತೊಟ್ಟಿಲ ಪಕ್ಕ ಕೂತು ತಮ್ಮ ಜೋಗುಳವನ್ನೇ ಮೆಲ್ಲಗೆ ಎತ್ತಿಕೊಂಡರು. ಆಮೇಲೆ ಕೈ ಮಾಡಿ ಸನ್ನೆ ಕೊಟ್ಟರು. ನಾನು ಡಬ್ಬಿಯ ಮೇಲೆ ಬಿದ್ದೆ. ಅತ್ತೆ ತೊಡೆ ಬಡಿಯುತ್ತ, ಗಂಟಲು ಹರಿಯುವಂತೆ ಜೋ ಜೋ ಎಂದು ಕೂಗಿದರು. ಸೆರಗು ತಲೆಯಿಂದ ಜಾರಿತು. ಅವರಿಗೆ ಗೊತ್ತೂ ಆಗಲಿಲ್ಲ. ಅವರ ತಲೆ ಅಷ್ಟು ಬೆಳ್ಳಗಾಗಿದೆ ಎಂದು ನಾನು ಕಂಡದ್ದು ಅಂದೇ. ಎಲ್ಲ ನಿಲ್ಲುವ ಜಾಗದಲ್ಲಿ ಇಬ್ಬರೂ ನಿಂತೆವು, ಉಸಿರು ಬಿಟ್ಟೆವು, ಮತ್ತೆ ಬಿದ್ದೆವು. ಹೊರಗೆ ನೆರೆಯವರು ಸೇರಿಕೊಂಡು “ಕಾಯ್ ಝಾಲಂ?” ಏನಾಯಿತೆಂದು ಮರಾಠಿಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಕೂಸು ಅಜ್ಜಿಯ ಬಾಯನ್ನೇ ನೋಡುತ್ತ ಅಳು ಮರೆತು, ಕಣ್ಣು ಮುಚ್ಚಿತು.

ನೀತಾ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬಂದಳು. “ಕರೆಂಟ್ ಬಂತೇನ?”

ಇಲ್ಲವೆಂದು ತಲೆಯಾಡಿಸಿದೆ. ನನ್ನ ಕಣ್ಣು ತುಂಬಿತ್ತು, ಮುಚ್ಚಿಡುವುದೇನು. ಬಸ್ಸಿನ ಹೊತ್ತಾಗಿತ್ತು. ಅತ್ತೆ ಗಂಟನ್ನು ಎಳೆದುಕೊಂಡು ಬಿಚ್ಚಿ, ಮೆತ್ತನೆಯ ಹಳೆಯ ಸೀರೆಯೊಂದನ್ನು ತೆಗೆದು ಕೂಸಿಗೆ ಹೊದಿಸಿದರು. ಮತ್ತೆ ಮಗಳನ್ನು ದಾಟಿ ನನ್ನತ್ತಲೇ ನೋಡಿದರು.

“ಆ ಕ್ಯಾಸೆಟ್ಟಿನ ಇನ್ನೊಂದ ಬಾಜೂಕ ಏನದರೀ? ಈ ಕೂಸು ಲಗೂನ ಮಲಗಿಬಿಡ್ತದ, ನಾ ಅದನ್ನ ಒಮ್ಮೆನೂ ಕೇಳೇ ಇಲ್ಲ.”