ಬೇಲಿಯೊಳಗಿನ ದಿಬ್ಬ

ಕೃಷ್ಣವೇಣಿ ಎರಡನೆಯ ತಂತಿಗೂ ಕಟಿಂಗ್ ಪ್ಲೇಯರ್ ಹಾಕಿ ಎರಡೂ ಕೈಯಿಂದ ಒತ್ತಿದಳು. ತುಂಡಾದ ಮುಳ್ಳುತಂತಿ ಸುರುಳಿ ಸುತ್ತಿಕೊಂಡು ಕಲ್ಲುಕಂಬದ ಕಡೆ ಓಡಿತು.

"ಕೈ ನೋಡ್ಕಳಮ್ಮ," ಎಂದ ಸೋದರಮಾವ ಓಬಳೇಶಪ್ಪ. "ಕೆಳಗೆ ಇನ್ನೊಂದು ಐತೆ. ಚಟ್ಟ ತೂರ್ಬೇಕಲ್ಲ."

"ಕಟ್ ಮಾಡ್ತೀನಿ ಇರು ಮಾವ."

ಹಿಂದೆ ಹೊಂಗೆಮರದ ನೆರಳಿನಲ್ಲಿ ಅವಳ ತಾಯಿ ಬೀರಕ್ಕ ಕಂಬಳಿ ಹೊದ್ದು ಚಟ್ಟದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ತಂದೆ ಚೌಡಣ್ಣ ಕುಕ್ಕರುಗಾಲಲ್ಲಿ ಕೂತು ಟವೆಲಿನಿಂದ ನೊಣ ಓಡಿಸುತ್ತಿದ್ದ. ಬೇಲಿಯ ಆಚೆ ದಿಬ್ಬ. ಸೋಮಂದೇಪಲ್ಲಿಯ ಈ ಬದಿಯ ಕುರಿಯವರು ತಮ್ಮ ಸತ್ತವರನ್ನು ಹೂಳುತ್ತಿದ್ದದ್ದು ಅಲ್ಲೇ. ತಲೆಯ ಕಡೆಗೆ ಒಂದು ಗುಂಡುಕಲ್ಲು, ಅಷ್ಟೇ, ಹೆಸರಿಲ್ಲ. ಕಲ್ಲುಗಳ ನಡುವೆ ಕುರಿ ಮೇಯುತ್ತಿದ್ದವು. ಹೋದ ಬೇಸಿಗೆಯಲ್ಲಿ ಊರಿನ ಸಾಹುಕಾರ ತಿಪ್ಪೇಸ್ವಾಮಿ, ದಿಬ್ಬ ತನ್ನ ಹೆಸರಿಗೆ ಬಂದಿದೆ ಎಂದು ಬೇಲಿ ಹಾಕಿಸಿದ. ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಕುರಿಯವರಲ್ಲಿ ಯಾರೂ ಸತ್ತೂ ಇರಲಿಲ್ಲ.

"ಪೊಲೀಸ್ನೋರು ಬಂದ್ಬುಟ್ರೆ?" ಎಂದಳು ಚೌಡಣ್ಣನ ತಂಗಿ ಗಂಗುಲಮ್ಮ.

"ಬರ್ಲಿ ಬಿಡು. ಗುಂಡಿ ತೋಡಾಕೆ ಜನ ಸಾಲ್ದು," ಎಂದ ಓಬಳೇಶಪ್ಪ.

ಅಳುತ್ತಿದ್ದ ಗಂಗುಲಮ್ಮ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ನಾಚಿ ಕೃಷ್ಣವೇಣಿಯ ಮೇಲೆ ತಿರುಗಿದಳು. "ಹಿಂದೂಪುರದಾಗೆ ಸೈಟು, ಸೈಟು ಅಂತ ಬಾಯ್ ಬಡ್ಕಂತಿದ್ದೋಳು ನೀನೇ ತಾನೇ? ಈಗ ಕಂಡೋರ ಬೇಲಿ ಮುರೀತೀಯ."

"ಕಂಡೋರ್ದಲ್ಲ ಅತ್ತೆ," ಎಂದು ಕೃಷ್ಣವೇಣಿ ಮೂರನೆಯ ತಂತಿಗೆ ಬಗ್ಗಿದಳು.

*

ಕಲ್ಯಾಣದುರ್ಗದ ಕಡೆ ಶೇಂಗಾ ಕಿತ್ತ ಮೇಲೆ ರೈತರು ಮಂದೆ ಹಾಕಲು ಬೀರಕ್ಕನನ್ನು ಕರೆಯುತ್ತಿದ್ದರು. ರಾತ್ರಿಯೆಲ್ಲ ಕುರಿ ಹೊಲದಲ್ಲಿ ಮಲಗಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ರಾಗಿ. ಕುರಿ ಚದುರದಂತೆ ಸುತ್ತ ಬಲೆ ಕಟ್ಟುವುದು ಬೀರಕ್ಕನ ಕೆಲಸ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹೊಲವಾದರೆ ಅವಳು ಬೇಕೆಂದೇ ಬದುವಿನ ಆಚೆಗೂ ಈಚೆಗೂ ಸೇರಿಸಿ ಬಲೆ ಕಟ್ಟುತ್ತಿದ್ದಳು.

ಒಂದು ಬೆಳಿಗ್ಗೆ ಅಂಥ ಇಬ್ಬರು ಬದುವಿನ ಎರಡೂ ಕಡೆ ಬಂದು ನಿಂತರು.

"ನನ್ ಗೊಬ್ಬರ ಅವನ ಹೊಲಕ್ಕೆ ಹೋಯ್ತಲ್ಲ," ಎಂದ ಅಣ್ಣ.

"ನಿನ್ ಗೊಬ್ಬರ ಯಾವನಿಗ್ ಬೇಕು? ನನ್ ಹೊಲ ತುಳಿಸಿದ್ಯಾರು ಕೇಳು," ಎಂದ ತಮ್ಮ.

ಬೀರಕ್ಕ ಗೂಟ ಕೀಳುತ್ತಲೇ ಹೇಳಿದಳು. "ರಾತ್ರಿ ಬಂದು ಕುರಿ ಹಿಂದೆ ನಿಂತ್ಕಳ್ರಪ್ಪ. ಹಿಕ್ಕೆ ಬೀಳೋವಾಗ ನಂದು, ನಿಂದು ಅಂತ ಹೇಳ್ರಿ. ಅವು ಕೇಳಿದ್ರೆ ನಂದೇನಿಲ್ಲ."

ಅವರು ಬೈದುಕೊಂಡು ಹೋದರು. ಆಗ ಹುಡುಗಿಯಾಗಿದ್ದ ಕೃಷ್ಣವೇಣಿಗೆ ನಗು ಬರಲಿಲ್ಲ.

"ನಮ್ದೂ ಅಂತ ಒಂದು ಹೊಲ ಇದ್ದಿದ್ರೆ ಇವ್ರ ಕೈಲಿ ಯಾಕವ್ವ ಬೈಸ್ಕಬೇಕಿತ್ತು?"

"ಇದ್ದಿದ್ರೆ ನಾನೂ ಬದುನ ಮೇಲೆ ನಿಂತು ಬಯ್ತಿದ್ದೆ. ನಡಿ, ಬಿಸ್ಲಾಯ್ತದೆ."

ಕೃಷ್ಣವೇಣಿ ನಡೆದಳು, ಒಪ್ಪಲಿಲ್ಲ. ದೊಡ್ಡವಳಾಗಿ ಹಿಂದೂಪುರದ ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತಾಗಲೂ ಒಪ್ಪಲಿಲ್ಲ.

*

ಗುಂಡಿ ಸೊಂಟದಾಳ ಆಗಿದ್ದಾಗ ತಿಪ್ಪೇಸ್ವಾಮಿ ಬಂದ. ಒಬ್ಬನೇ. ಚಪ್ಪಲಿ ಬಿಟ್ಟು ಬೀರಕ್ಕನ ಮೇಲೆ ಹೂವಿನ ಹಾರ ಹಾಕಿ ಕೈಮುಗಿದ. ಆಮೇಲೆ ತಂತಿಯ ತುಂಡುಗಳನ್ನು ನೋಡಿದ.

"ಏಮಮ್ಮಾ ಕೃಷ್ಣವೇಣಿ, ಕೇಳಿದ್ರೆ ನಾನೇ ಗೇಟು ತೆಗೀತಿದ್ನಲ್ಲ."

"ಕೇಳ್ಬಾರ್ದು ಅಂತಾನೇ ಕೇಳ್ಲಿಲ್ಲ."

"ಸರೇಲೇ, ಆಗಿದ್ದಾಯ್ತು. ಸಾವಿನ ಮನೆ, ಜಗಳ ಬ್ಯಾಡ." ಅವನು ದನಿ ತಗ್ಗಿಸಿದ. "ಈ ಮೂಲೆ ನಿನ್ನ ಹೆಸ್ರಿಗೆ ರಿಜಿಸ್ಟ್ರೇಷನ್ ಮಾಡಿಸ್ಕೊಡ್ತೀನಿ. ಗುಂಡಿ ಜಾಗ ಒಂದೇ ಅಲ್ಲಮ್ಮ, ಮನೆ ಕಟ್ಕಳೋವಷ್ಟು. ರೋಡಿಗೇ ಐತೆ. ಮಿಕ್ಕಿದ್ದು ನಂದು ಅಂತ ನಿಮ್ಮೋರೆಲ್ಲ ಒಪ್ಕಂಡ್ರೆ ಸಾಕು. ನೀನು ಹೇಳಿದ್ರೆ ಕೇಳ್ತಾರೆ."

ಓಬಳೇಶಪ್ಪನ ಗುದ್ದಲಿ ನಿಂತಿತು.

"ತಗಳಮ್ಮ," ಎಂದಳು ಗಂಗುಲಮ್ಮ ಮೆಲ್ಲಗೆ. "ಅವ್ವನೂ ಪಕ್ಕದಾಗೇ ಇರ್ತಾಳೆ."

ಕೃಷ್ಣವೇಣಿ ತಂದೆಯ ಕಡೆ ನೋಡಿದಳು.

"ನನ್ನೇನ್ ಕೇಳ್ತೀಯ," ಎಂದ ಚೌಡಣ್ಣ. "ನಂಗೆ ಎಲ್ಲಿ ಮಲಗಿದ್ರೂ ನಿದ್ದೆ ಬತ್ತದೆ. ಮನೆ ಬೇಕಾಗಿರೋದು ನಿಂಗೆ."

ನಿಜ, ಬೇಕಾಗಿತ್ತು. ಅವಳು ಮೂಲೆಯನ್ನು ನೋಡಿದಳು. ಪೂರ್ವಕ್ಕೆ ಬಾಗಿಲಿಡಬಹುದು. ಹಿಂದೂಪುರದ ಬಸ್ಸು ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಜಾಗ. ಬೇಲಿ ಅದರ ಅಂಚಿನಿಂದ ಹೊರಟು ದಿಬ್ಬವನ್ನೇರಿ, ಗುಂಡುಕಲ್ಲುಗಳನ್ನೆಲ್ಲ ಒಳಗೆ ಹಾಕಿಕೊಂಡು ಆಚೆ ಇಳಿಯುತ್ತಿತ್ತು. ತಂತಿ ತುಂಡಾದ ಕಡೆಯಿಂದ ಆಗಲೇ ಯಾರದೋ ಕುರಿಗಳು ನುಗ್ಗಿ ತಲೆ ತಗ್ಗಿಸಿ ಮೇಯುತ್ತಿದ್ದವು.

"ಯೋಚ್ನೆ ಮಾಡಮ್ಮ. ಅವಸರ ಏನಿಲ್ಲ. ನಾಳೆ ಹೇಳಿದ್ರೂ ಆಯ್ತು," ಎಂದ ತಿಪ್ಪೇಸ್ವಾಮಿ.

ಅವಳು ಗುಂಡಿಗಿಳಿದು ಸೋದರಮಾವನ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ಬ್ಯಾಡ," ಎಂದಳು.