ಲಾರಿಯ ಜೋಡಣೆ ಕಾವುಪೆಟ್ಟಿಗೆಗಲ್ಲ

"ಇಪ್ಪತ್ತು ವರ್ಷ ಲಾರಿ ಓಡಿಸಿದೋನಿಗೆ ಬ್ಯಾಟರಿ ಪಾಠ ಹೇಳ್ತೀಯೇನೇ? ಬಿಡು ಆ ವೈರು!"

"ಬಿಡಲ್ಲ ಅಣ್ಣಾ! ಒಳಗೆ ನೂರು ಮೊಟ್ಟೆ ಇದೆ. ಇನ್ನು ಮೂರು ದಿನಕ್ಕೆ ಮರಿ. ಪೆಟ್ಟಿಗೆ ಸುಟ್ಟುಹೋದ್ರೆ ನೀನು ಕೂತು ಕಾವು ಕೊಡ್ತೀಯಾ?"

ಕೋಳಿಮರಿ ಮಾರಿ ಸಂಸಾರ ತೂಗಿಸುವ ತಂಗಿ ವೈರನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮಾರನೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟು ಇಲ್ಲವೆಂದು ಮೊದಲೇ ತಿಳಿಸಿದ್ದರು. ಅವಳ ಕಾವುಪೆಟ್ಟಿಗೆ ಹನ್ನೆರಡು ವೋಲ್ಟಿನದು. ಒಂದು ಬ್ಯಾಟರಿ ಐದೇ ಗಂಟೆಗೆ ಕೈಕೊಡುತ್ತದೆ. ಅದಕ್ಕೇ ಒಂದೇ ಥರದ ಎರಡು ಹೊಸ ಬ್ಯಾಟರಿ ತಂದಿದ್ದಳು. ಜೋಡಿಸಲು ಅಣ್ಣನನ್ನು ಕರೆದದ್ದೇ ತಪ್ಪಾಯಿತು. ಅವನು ತನ್ನ ಲಾರಿಯಲ್ಲಿದ್ದ ಹಾಗೆಯೇ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿಬಿಟ್ಟಿದ್ದ. ಪಕ್ಕದ ಮೋಟಾರು ವೈಂಡಿಂಗ್ ಅಂಗಡಿಯಾಕೆ ಅದನ್ನು ಕಂಡು, "ತಡೀರಿ!" ಎಂದು ಕೂಗಿಕೊಂಡೇ ಒಳಗೆ ಬಂದಿದ್ದಳು.

"ಎರಡಿದ್ರೆ ಎರಡರಷ್ಟು ಹೊತ್ತು ಬರುತ್ತೆ. ಇದಕ್ಕೂ ಒಂದು ಪಂಚಾಯ್ತಿನಾ?" ಅಣ್ಣ ಗುಡುಗಿದ.

"ಬರಲ್ಲ ಡ್ರೈವರಣ್ಣ," ವೈಂಡಿಂಗಿನವಳು ಹೇಳಿದಳು. "ನಿಮ್ಮ ಲಾರಿಗೆ ಇಪ್ಪತ್ನಾಲ್ಕು ವೋಲ್ಟ್ ಬೇಕು, ಅದಕ್ಕೆ ಹಾಗೆ ಸಾಲಾಗಿ ಜೋಡಿಸಿರ್ತಾರೆ. ಸಾಲಾಗಿ ಜೋಡಿಸಿದ್ರೆ ವೋಲ್ಟ್ ಕೂಡುತ್ತೆ, ಹೊತ್ತು ಹೆಚ್ಚಲ್ಲ. ಈ ಪೆಟ್ಟಿಗೆ ಅಷ್ಟು ತಡೆಯಲ್ಲ."

"ಅವನು ದೊಡ್ಡೋನು, ಅವನ ಮಾತು ಕೇಳ್ರೇ," ಎಂದರು ಒಳಗಿಂದ ಬಂದ ತಂಗಿಯ ಅತ್ತೆ.

"ಸರಿ ಅಮ್ಮಾ, ಮೊಟ್ಟೆ ಯಾಕೆ ಸಾಯ್ಬೇಕು? ಈ ಬಲ್ಬು ಸಾಯ್ಲಿ."

ವೈಂಡಿಂಗಿನವಳು ಹನ್ನೆರಡು ವೋಲ್ಟಿನ ಬಲ್ಬೊಂದನ್ನು ಅಣ್ಣನ ಜೋಡಣೆಗೆ ತಗುಲಿಸಿದಳು. ಕಣ್ಣು ಕೋರೈಸುವಷ್ಟು ಬೆಳ್ಳಗೆ ಉರಿದು, ಟಿಕ್ ಎಂದು ಕಪ್ಪಾಯಿತು.

"ಹಳೇ ಬಲ್ಬು!" ಎಂದ ಅಣ್ಣ.

"ಇನ್ನೊಂದಿದೆ, ಹೊಸದು. ಹಾಕ್ಲಾ?"

ವೈಂಡಿಂಗಿನವಳು ವೈರು ಬಿಚ್ಚಿ ಮೀಟರಿನಲ್ಲಿ ಎರಡೂ ಬ್ಯಾಟರಿ ನೋಡಿದಳು. ಎರಡೂ ಪೂರ್ತಿ ಚಾರ್ಜು, ವೋಲ್ಟೂ ಸಮ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ, ಎರಡೂ ಬ್ಯಾಟರಿಯ ಪ್ಲಸ್ ವೈರಿಗೆ ಒಂದೊಂದು ಫ್ಯೂಸು ಹಾಕಿದಳು. "ಈಗ ವೋಲ್ಟ್ ಹನ್ನೆರಡೇ. ಹೊತ್ತು ಮಾತ್ರ ಎರಡರಷ್ಟು." ಹೊಸ ಬಲ್ಬು ಹದವಾಗಿ ಉರಿಯಿತು.

"ನನ್ನ ಸೊಸೆಗೂ ಇದನ್ನ ಹೇಳಿಕೊಡಮ್ಮಾ," ಎಂದರು ಅತ್ತೆ.

ಆ ಮಾತನ್ನು ಅಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. "ಹಾಗಾದ್ರೆ ನಾನ್ಯಾಕೆ ಇಲ್ಲಿ?" ಎಂದು ಚಪ್ಪಲಿ ಮೆಟ್ಟಿ ಹೊರಟ. ತಂಗಿ ಬಾಗಿಲವರೆಗೆ ಹೋಗಿ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಮೂರನೆಯ ದಿನ ಮರಿಗಳು ಚಿಪ್ಪೊಡೆದವು. ಆಗಲೂ ಅವನು ಬರಲಿಲ್ಲ.

ನಿಮಗೂ ನೇರವಾಗಿ ಹೇಳುತ್ತೇನೆ. ಬ್ಯಾಟರಿ ಮುಟ್ಟುವ ಮೊದಲು ಯಂತ್ರದ ಮೇಲೆ ಬರೆದ ವೋಲ್ಟ್ ಓದಿ. ಹಳೆಯದಕ್ಕೆ ಹೊಸದನ್ನು, ಸಣ್ಣದಕ್ಕೆ ದೊಡ್ಡದನ್ನು ಜೋಡಿಸಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ, ಕೇಳದಿದ್ದರೆ ಮನೆಗೇ ಬೆಂಕಿ ಬಿದ್ದೀತು.