ಮೂಲೆಗೆ ನಿಂತ ಗಾದಿ

ಅಂಗೈ, ಮೊಣಕಾಲು ನೆಲಕ್ಕೆ ಊರಿ ಗುರುಪಾದ ಸೋಫಾದ ಹಿಂದಿನಿಂದ ಹೊರಬಂದಾಗ ಎದುರಿಗೆ ಹೆಂಡತಿಯ ಪಾದಗಳಿದ್ದವು.

"ಈ ಮನ್ಯಾಗ ಅಂಬೆಗಾಲ ಇಡಾಕ ಕಡೀಕೂ ಒಬ್ರು ಬಂದ್ರು ಬಿಡ್ರಿ," ಎಂದಳು ದಾಕ್ಷಾಯಿಣಿ.

ಅವನು ತಲೆ ಎತ್ತಲಿಲ್ಲ. ಎತ್ತಿದರೆ ಕಿವಿ ಜಾಗ ತಪ್ಪುತ್ತಿತ್ತು.

ಗುರುಪಾದನದು ಅಂತಿಂಥ ಕಿವಿಯಲ್ಲ. ಅಮ್ಮಿನಬಾವಿಯಲ್ಲಿ ಎಮ್ಮೆ ಆಕಳಿಸಿದರೆ ಮಾಳಮಡ್ಡಿಯಲ್ಲಿ ಕೂತು ಅದು ಯಾರ ಮನೆಯ ಎಮ್ಮೆ ಎಂದು ಹೇಳಬಲ್ಲ ಕಿವಿ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಇನ್ನೊಂದು ಜೋಡಿ ಇದ್ದರೆ ತಂದು ತೋರಿಸಲಿ. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವಾತ. ನಾದದ ಪಾಠಕ್ಕೆ ನಿಂತನೆಂದರೆ ಗೋಡೆಗಳೂ ನೋಟ್ಸ್ ಬರೆದುಕೊಳ್ಳುತ್ತಿದ್ದವು. ಇಂಥವನ ಮನೆಯಲ್ಲೇ ಸ್ಟೀರಿಯೊದ ಬೇಸ್, ಆ ತಗ್ಗು ದನಿಯ ಗುಡುಗು, ಕುಡಿದ ಬೀಗರ ಹಾಗೆ ದಾಂಧಲೆ ನಡೆಸಿತ್ತು. ತಬಲಾದ ಎಡಗೈ ಪೆಟ್ಟು ಧುಂ ಎಂದು ಅಲ್ಲಿಗೇ ನಿಲ್ಲಬೇಕು. ಇಲ್ಲಿ ಅದು ನಾಲ್ಕೂ ಗೋಡೆಗೆ ಹಾಯ್ದು, ಮೂಲೆ ಹಿಡಿದು, ಮುಂದಿನ ಪೆಟ್ಟು ಬರುವತನಕ ಮುಲುಗುತ್ತಿತ್ತು. ಬೇಸಿನ ನಾಬ್ ಇಳಿಸಿದರೆ ತಬಲಾ ಸತ್ತೇ ಹೋಗುತ್ತಿತ್ತು.

ಅದಕ್ಕೇ ಈ ಉಪಾಯ. ಬೇಸಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ತಾನು ಕೂರುವ ಕುರ್ಚಿಯ ಮೇಲೆ ಕೂರಿಸುವುದು. ತಾನು ಕೆಳಗಿಳಿದು ಕೋಣೆಯ ತುಂಬ ಹರಿದಾಡುವುದು. ನೆಲದ ಮೇಲೆ ಎಲ್ಲಿ ಬೇಸ್ ಬಿಗಿಯಾಗಿ ಕೇಳುತ್ತದೋ ಅದೇ ಪೆಟ್ಟಿಗೆ ಇಡುವ ಜಾಗ. ಆಮೇಲೆ ಪೆಟ್ಟಿಗೆ ಕೆಳಗೆ, ಮನುಷ್ಯ ಮೇಲೆ. ಲೋಕದ ಘನಘೋರ ಕಿವಿಗಳೆಲ್ಲ ಹೀಗೆ ಹರಿದಾಡಿಯೇ ಬಂದಂಥವು.

"ಸಂಜಿ ಆತು," ಎಂದಳು ದಾಕ್ಷಾಯಿಣಿ. "ಮ್ಯಾನೇಜರಿಗೆ ಏನಂತ ಹೇಳಲ್ರಿ?"

ಬ್ಯಾಂಕಿನಲ್ಲಿ ಆಕೆಗೆ ಬಡ್ತಿ ಬಂದಿತ್ತು, ಜೊತೆಗೆ ಬೀದರಕ್ಕೆ ವರ್ಗ. ಹೋಗುತ್ತಾಳೋ ಇಲ್ಲವೋ ಇವತ್ತೇ ತಿಳಿಸಬೇಕು. ಹೋಗಬೇಡ ಎಂದು ಗಂಡ ಒಂದು ಮಾತು ಅಂದರೆ ಸಾಕೆಂದು ಬೆಳಗಿನಿಂದ ಅವನ ಸುತ್ತಲೇ ಸುಳಿಯುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಅಂಥ ಕಿವಿ!

"ನಿನ್ನ ನೌಕರಿ. ನಿನ್ನ ಮರ್ಜಿ."

"ನಿಮ್ಮ ಮರ್ಜಿ ಏನೈತ್ರಿ?"

"ಈ ಮೂಲ್ಯಾಗ ಇನ್ನೂ ಗುಂಯ್ ಅನ್ನಾಕತ್ತೈತಿ."

ಆ ಮೂಲೆಯಲ್ಲಿ ಗಾದಿ ನಿಂತಿತ್ತು. ಮದುವೆಯಲ್ಲಿ ಹೆಣ್ಣಿನ ಮನೆಯವರು ಕೊಟ್ಟದ್ದು. ಹತ್ತಿ ವ್ಯಾಪಾರಿ ಮಾವ ತನ್ನ ಅಡತಿಯ ಅಂಗಡಿಯ ಬೆಳ್ಳನೆಯ ಹತ್ತಿಯನ್ನೇ ಆರಿಸಿ ತುಂಬಿಸಿದ್ದ. ಅರ್ಧ ಧಾರವಾಡ ಹೊರಳಾಡಿದರೂ ತಗ್ಗು ಬೀಳದಂಥ ಗಾದಿ. ಹತ್ತಿ ಬೇಸನ್ನು ಹೀರುತ್ತದೆಂದು ಗುರುಪಾದ ಅದನ್ನು ಮಂಚದಿಂದ ಎಳೆತಂದಿದ್ದ. ಮಧ್ಯಾಹ್ನ ಗಾದಿ ಹೊಲಿಯುವ ಗುಲಾಬಸಾಬ ಬಂದು, ನೆಟ್ಟಗೆ ನಿಲ್ಲುವಂತೆ ಅಂಚಿಗೆ ಬಿಗಿ ಟಾಕು ಹಾಕಿ ಹೋಗಿದ್ದ.

"ಗಾದಿ ನಿಂದ್ರಿಸಿದ್ರ ಮಲಗೂದು ಎಲ್ಲಿರಿ ಸರ?" ಎಂದು ಹೋಗುವಾಗ ಕೇಳಿದ್ದ. "ಅಕ್ಕಾರು ಒಪ್ಯಾರೇನ್ರಿ?"

ಗುರುಪಾದ ನಾಬ್ ತಿರುಗಿಸಿದ್ದ.

ಈಗ ದಾಕ್ಷಾಯಿಣಿ ಫೋನ್ ಕೈಗೆತ್ತಿಕೊಂಡಳು. ಆಮೇಲೆ ಮಲಗುವ ಕೋಣೆಯ ಬಾಗಿಲು ತೆರೆದು ಹೊಸ್ತಿಲ ಮೇಲೆ ಕಾಲಿಟ್ಟಳು.

ಧುಂ.

ಅಷ್ಟೇ. ಮುಲುಗಾಟವಿಲ್ಲ, ಬಾಲವಿಲ್ಲ. ಮುಷ್ಟಿಯಲ್ಲಿ ಹಿಡಿಯಬಹುದಾದ ದುಂಡು ಪೆಟ್ಟು. ಗುರುಪಾದನ ಬೆನ್ನುಹುರಿಯಲ್ಲಿ ಸಾವಿರ ಇರುವೆ ಹರಿದವು.

"ಅಲ್ಲೇ ನಿಂದ್ರು!"

ಆಕೆ ನಿಂತಳು. ತಿರುಗಿದಳು. ಎಷ್ಟೋ ವರ್ಷಗಳಿಂದ ಅವನು ಆಕೆಯನ್ನು ಹಾಗೆ ಕೂಗಿರಲಿಲ್ಲ.

"ಯಾಕ್ರೀ?" ದನಿ ಮೆತ್ತಗಾಗಿತ್ತು.

ಸುಳ್ಳು ಹೇಳಬಹುದಿತ್ತು. ಊರಿಗೇ ದೊಡ್ಡ ಸುಳ್ಳುಗಾರ ಅವನು. ಆ ಹೊತ್ತಿನಲ್ಲೇ ಸತ್ಯವಂತನಾದ.

"ನೀ ಅಲ್ಲಿ ನಿಂತ್ರ ಬೇಸ್ ಹತೋಟಿಗೆ ಬರತೈತಿ."

ದಾಕ್ಷಾಯಿಣಿ ನೆಲದ ಮೇಲಿದ್ದ ಗಂಡನನ್ನು ನೋಡಿದಳು. ಕುರ್ಚಿಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿದಳು. ಆ ಹಾಡು ಮುಗಿಯುವವರೆಗೂ ಅಲುಗಾಡದೆ ನಿಂತಳು. ಮುಗಿದ ಮೇಲೆ ಒಳಗೆ ಹೋದಳು.

"ಹೂಂ ಸರ. ಒಪ್ಪಿಗಿ ಐತ್ರಿ," ಎಂದು ಫೋನಿನಲ್ಲಿ ಅಂದದ್ದು ಕೇಳಿಸಿತು. "ಇಲ್ರಿ, ಮನ್ಯಾಗ ಏನೂ ತಕರಾರಿಲ್ರಿ."

ಮುಂದಿನ ಹಾಡಿಗೆ ಬೇಸ್ ಮತ್ತೆ ಬಾತುಕೊಂಡಿತು. ಗುರುಪಾದ ಎದ್ದ. ಮೂಲೆಯ ಗಾದಿಯನ್ನು ಅಪ್ಪಿ ಹಿಡಿದು, ಏದುಸಿರು ಬಿಡುತ್ತ ಎಳೆದು ಆಕೆ ನಿಂತಿದ್ದ ಬಾಗಿಲ ಚೌಕಟ್ಟಿಗೆ ತುರುಕಿದ. ಹೆಚ್ಚುಕಡಿಮೆ ಆಕೆಯದೇ ಎತ್ತರ.

ಧುಂ. ಅದ್ಭುತ! ದೇವಲೋಕದಲ್ಲೂ ಇಂಥ ಬೇಸ್ ಇರಲಾರದು.

ಕೂರಲು ಹೋದ. ಕುರ್ಚಿಯಲ್ಲಿ ಪೆಟ್ಟಿಗೆ ಇತ್ತು. ಎತ್ತಿದರೆ ಈ ಹದ ಕೆಡಬಹುದು. ನೆಲದ ಮೇಲೇ ಕುಕ್ಕರಿಸಿದ.

ಗಾದಿಯ ಆಚೆ ಕಪಾಟಿನ ಬಾಗಿಲು ತೆರೆಯಿತು. ಸೂಟ್‌ಕೇಸಿನ ಗಾಲಿ ಉರುಳಿದ ಸದ್ದು. ಆಮೇಲೆ ಗಾದಿಯ ನಡು ಮೆಲ್ಲಗೆ ಈಚೆ ಉಬ್ಬಿ, ಒಳಗೆ ಸರಿಯಿತು. ಆಚೆಯಿಂದ ಆಕೆಯ ಕೈ ದೂಡುತ್ತಿದೆಯೋ, ಬೇಸಿನ ಹೊಡೆತವೋ? ಎಮ್ಮೆಯ ಆಕಳಿಕೆ ಗುರುತು ಹಿಡಿಯುವ ಕಿವಿಗೆ ಅದೊಂದು ತಿಳಿಯಲಿಲ್ಲ.

ಬೇಸ್ ಇಳಿಸಿದರೆ ತಿಳಿಯುತ್ತಿತ್ತು. ನಾಬಿನವರೆಗೆ ಕೈ ಚಾಚಿದ. ಬೆರಳು ಅದರ ಮೇಲಿಟ್ಟುಕೊಂಡೇ ಕೂತ.

ಅವನ ಕುರ್ಚಿಯಲ್ಲಿ ಕೂತ ಪೆಟ್ಟಿಗೆ ಧುಂ ಎಂದಿತು. ಬಾಗಿಲಲ್ಲಿ ಗಾದಿ ಮತ್ತೊಮ್ಮೆ ಉಬ್ಬಿತು.